ಇಪ್ಪತ್ತೊಂದು ತುಂಬುವ ಮೊದಲು ಅವಳಿಗೆ ಹೇಳಿ

ಪ್ರಶ್ನೆ: ನಾವು ಶಿರಸಿ ತಾಲ್ಲೂಕಿನ ಹಳ್ಳಿಯೊಂದರ ಅಡಿಕೆ ಬೆಳೆಗಾರರು. ನನ್ನ ತಮ್ಮ ಸಾಫ್ಟ್‌ವೇರ್ ಕೆಲಸದ ಮೇಲೆ 2011ರಲ್ಲಿ ಹೆಂಡತಿ ಮತ್ತು ಐದು ವರ್ಷದ ಮಗಳೊಂದಿಗೆ ಅಮೆರಿಕಕ್ಕೆ ಹೋದ. ಅವನ ಗ್ರೀನ್ ಕಾರ್ಡ್ ಅರ್ಜಿ 2016ರದು. 2014ರಲ್ಲಿ ಅಲ್ಲಿಯೇ ಹುಟ್ಟಿದ ಮಗ ಅಲ್ಲಿನ ಪ್ರಜೆ. ಮಗಳಿಗೆ, ನಮ್ಮ ಕೂಸಿಗೆ, ಈಗ 19 ವರ್ಷ 8 ತಿಂಗಳು. ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರದ ಎರಡನೆಯ ವರ್ಷ ಓದುತ್ತಿದ್ದಾಳೆ. 21 ತುಂಬಿದ ದಿನ ಅವಳಿಗೆ ತಂದೆಯ ವೀಸಾದ ಆಶ್ರಯ ತಪ್ಪುತ್ತದಂತೆ. ಓದು ಕೆಡುತ್ತದೆ ಎಂದು ತಮ್ಮ ಇದನ್ನು ಅವಳಿಗೆ ಪೂರ್ತಿ ಹೇಳಿಲ್ಲ. ಭಟ್ಕಳದ ಪರಿಚಯದವರೊಬ್ಬರು, ಮದುವೆಯಾಗುವ ತನಕ ಮಗಳು ತಂದೆಯ ವೀಸಾದಲ್ಲೇ ಇರಬಹುದು ಎನ್ನುತ್ತಾರೆ. ಮನೆಯ ಹಿರಿಯರು ಊರಿಗೆ ಕರೆಸಿ ಮದುವೆ ಮಾಡೋಣ, ಇಲ್ಲವೇ ಅಲ್ಲಿ ಪ್ರಜೆಯಾಗಿರುವ ನಮ್ಮವರ ಹುಡುಗನನ್ನೇ ನೋಡೋಣ ಎನ್ನುತ್ತಾರೆ. ಕಳೆದ ಡಿಸೆಂಬರ್‌ನಲ್ಲಿ ಬಂದಾಗ ಅವಳು ರಾತ್ರಿ ಹೊತ್ತು ಅಡಿಕೆ ಸುಲಿಯುವ ಹೆಂಗಸರ ಜೊತೆ ಕುಳಿತು ಹತ್ತು ದಿನ ಸುಲಿದಳು. ಎಲ್ಲರಿಗೂ ಕೊಟ್ಟ ಹಾಗೆ ಅವಳಿಗೂ ಲೆಕ್ಕ ಹಾಕಿ ಕೂಲಿ ಕೊಟ್ಟೆ. ಹಣ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಯಾಕೆಂದು ಕೇಳಿದರೆ ಹೇಳಲಿಲ್ಲ. ಅತ್ತೆಯಾಗಿ ನಾನು ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರದ ಕೊನೆಯ ಸಂಗತಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಎಲ್ಲದರ ಬೇರು ಅಲ್ಲಿದೆ.

ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ದುಡಿಯುವವರ ಹೆಂಡತಿ ಮಕ್ಕಳಿಗೆ ಕೊಡುವ ಅವಲಂಬಿತ ವೀಸಾಕ್ಕೆ ಎಚ್-4 ಎಂದು ಹೆಸರು. ಈ ವೀಸಾದಲ್ಲಿರುವ ಮಕ್ಕಳು ಶಾಲೆ ಕಾಲೇಜುಗಳಲ್ಲಿ ಓದಬಹುದು. ಆದರೆ ಸಂಬಳಕ್ಕಾಗಿ ಒಂದು ಗಂಟೆಯ ಕೆಲಸವನ್ನೂ ಮಾಡುವಂತಿಲ್ಲ. ಗ್ರೀನ್ ಕಾರ್ಡಿನ ಸರದಿಯಲ್ಲಿರುವ ಕೆಲವರ ಹೆಂಡತಿ ಅಥವಾ ಗಂಡನಿಗೆ 2015ರ ಮೇ ತಿಂಗಳಿನಿಂದ ಕೆಲಸದ ಪರವಾನಗಿ ಸಿಗತೊಡಗಿತು, ಮಕ್ಕಳಿಗೆ ಆ ಅವಕಾಶ ಬರಲಿಲ್ಲ. ಅಮೆರಿಕದಲ್ಲಿ ಹದಿನಾರು ತುಂಬಿದ ಮಕ್ಕಳು ಬೇಸಿಗೆ ರಜೆಯಲ್ಲಿ ಐಸ್‌ಕ್ರೀಮ್ ಅಂಗಡಿಯಲ್ಲೋ ಪುಸ್ತಕದ ಮಳಿಗೆಯಲ್ಲೋ ನಾಲ್ಕು ಗಂಟೆ ನಿಂತು ಮೊದಲ ಸಂಬಳ ಎಣಿಸುತ್ತಾರೆ. ನಮ್ಮ ಕಡೆ ಹುಡುಗಿಯೊಬ್ಬಳು ಮೊದಲ ಸಲ ಒಬ್ಬಳೇ ಬಸ್ಸು ಹತ್ತಿ ಶಿರಸಿ ಪೇಟೆಗೆ ಹೋಗಿ ಸಾಮಾನು ತಂದ ದಿನ ಅವಳಿಗೆ ಎಷ್ಟು ದೊಡ್ಡದೋ, ಅಲ್ಲಿ ಆ ಸಂಬಳದ ದಿನ ಅಷ್ಟೇ ದೊಡ್ಡದು. ನಿಮ್ಮ ಸೊಸೆಯ ಗೆಳತಿಯರೆಲ್ಲ ಆ ಹೊಸಿಲು ದಾಟಿ ಮೂರು ನಾಲ್ಕು ವರ್ಷಗಳಾಗಿರಬೇಕು. ಇವಳು ಪ್ರತಿ ಬೇಸಿಗೆಯಲ್ಲೂ ಏನೋ ಒಂದು ನೆಪ ಹೇಳಿ ಮನೆಯಲ್ಲಿ ಉಳಿದಿರಬೇಕು. ಹೀಗಿರುವಾಗ ನಿಮ್ಮ ಮನೆಯಲ್ಲಿ, ಮೆಟ್ಟುಗತ್ತಿಯ ಮುಂದೆ ಕುಳಿತು, ಬೆರಳಿಗೆ ಕರೆ ಹಿಡಿಸಿಕೊಂಡು ಗಳಿಸಿದ ಹಣ ಅವಳ ಜೀವನದ ಮೊದಲ ದುಡಿಮೆಯ ಹಣ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ನೀವು ಉಳಿದ ಹೆಂಗಸರಿಗೆ ಹಾಕಿದ ಲೆಕ್ಕವನ್ನೇ ಅವಳಿಗೂ ಹಾಕಿದಿರಿ, ಮುದ್ದಿಗೆಂದು ಹೆಚ್ಚು ಕೊಡಲಿಲ್ಲ. ಅದು ಬಹಳ ಒಳ್ಳೆಯದಾಯಿತು.

ಇನ್ನು ಕಾನೂನು. ನಿಮ್ಮ ಕಡೆ ಹೆಣ್ಣುಮಗಳು ಎಷ್ಟು ದೊಡ್ಡವಳಾದರೂ ಮನೆಯವರ ಬಾಯಲ್ಲಿ ಕೂಸೇ. ಅಮೆರಿಕದ ವಲಸೆ ಕಾನೂನಿನಲ್ಲಿ ಮಾತ್ರ ಮಗು ಎಂಬ ಪದಕ್ಕೆ ಗಡಿಯಿದೆ: 21 ತುಂಬಿರಬಾರದು, ಮದುವೆಯಾಗಿರಬಾರದು. ಈ ಎರಡರಲ್ಲಿ ಯಾವುದು ಮೊದಲು ಸಂಭವಿಸಿದರೂ ಆ ದಿನವೇ ಅವಳು ತಂದೆಯ ಕಡತದಿಂದ ಹೊರಗಾಗುತ್ತಾಳೆ. ಭಟ್ಕಳದವರು ಹೇಳಿದ್ದು ಸುಳ್ಳಲ್ಲ, ಅದು ಬೇರೆ ದೇಶದ ಮಾತು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಮದುವೆಯಾಗದ ಮಗಳು ಎಷ್ಟೇ ವಯಸ್ಸಿನವಳಾಗಿದ್ದರೂ ತಂದೆಯ ಪ್ರಾಯೋಜಕತ್ವದಲ್ಲಿ ಇರಬಹುದು, ಮಗನಿಗೆ 25ರ ಮಿತಿಯಿದೆ. ಕರಾವಳಿಯ ಅನೇಕ ಮನೆಗಳು ದುಬೈಯ ನಿಯಮಗಳನ್ನು ಎರಡು ಮೂರು ತಲೆಮಾರಿನಿಂದ ಕಂಡು ಬಲ್ಲವು, ಅದರಿಂದಾಗಿ ಪರದೇಶವೆಂದರೆ ಎಲ್ಲ ಕಡೆ ಅದೇ ರೀತಿ ಎಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಬೆಳೆದಿದೆ. ಅಮೆರಿಕಕ್ಕೆ ಅದು ಹೊಂದುವುದಿಲ್ಲ.

ಹತ್ತು ವರ್ಷವಾದರೂ ತಮ್ಮನ ಸರದಿ ಏಕೆ ಬಂದಿಲ್ಲ ಎಂಬುದು ನಿಮಗೆ ಸಹಜವಾಗಿ ಕಾಡುವ ಪ್ರಶ್ನೆ. ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000 ಮಾತ್ರ. ಇದು 1990ರ ಕಾನೂನು ಇಟ್ಟ ಸಂಖ್ಯೆ, ಹೆಂಡತಿ ಮಕ್ಕಳ ಲೆಕ್ಕವೂ ಇದರೊಳಗೇ ಸೇರುತ್ತದೆ. ಇದರ ಮೇಲೆ, ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚು ಪಾಲು ಇಲ್ಲ. ಪುಟ್ಟ ದೇಶಕ್ಕೂ ಭಾರತಕ್ಕೂ ಒಂದೇ ಅಳತೆಯ ಬಾಗಿಲು ಇಟ್ಟದ್ದರಿಂದ ನಮ್ಮವರ ಸಾಲು ದಶಕಗಳಷ್ಟು ಉದ್ದವಾಗಿದೆ. ಸಾಲು ನಿಂತ ಕಡೆಯೇ ನಿಂತಿರುತ್ತದೆ, ಮಕ್ಕಳ ವಯಸ್ಸು ನಿಲ್ಲುವುದಿಲ್ಲ.

ಈ ಅನ್ಯಾಯವನ್ನು ಸ್ವಲ್ಪ ತಗ್ಗಿಸಲು 2002ರ ಆಗಸ್ಟ್ 6ರಿಂದ ಮಕ್ಕಳ ಸ್ಥಾನಮಾನ ರಕ್ಷಣೆಯ ಕಾನೂನೊಂದು ಜಾರಿಗೆ ಬಂತು. ತಂದೆಯ ಉದ್ಯೋಗದಾತರು ಸಲ್ಲಿಸಿದ ಅರ್ಜಿ ಸರ್ಕಾರದ ಮೇಜಿನ ಮೇಲೆ ಎಷ್ಟು ದಿನ ಇತ್ಯರ್ಥವಾಗದೆ ಉಳಿದಿತ್ತೋ ಅಷ್ಟು ದಿನಗಳನ್ನು, ಸರದಿ ಬಂದ ದಿನದ ಮಗುವಿನ ವಯಸ್ಸಿನಿಂದ ಕಳೆಯುತ್ತಾರೆ. ಅರ್ಜಿ ಏಳು ತಿಂಗಳು ಕುಳಿತಿದ್ದರೆ, 21 ವರ್ಷ 6 ತಿಂಗಳಾದ ಮಗಳನ್ನೂ 20 ವರ್ಷ 11 ತಿಂಗಳಿನವಳೆಂದು ಎಣಿಸುತ್ತಾರೆ. ಇಲ್ಲಿ ಒಂದು ನೋವಿನ ಸಂಗತಿಯಿದೆ. ಹೆಚ್ಚಿನ ಶುಲ್ಕ ಕಟ್ಟಿ ಹದಿನೈದು ಕೆಲಸದ ದಿನದೊಳಗೆ ನಿರ್ಧಾರ ಪಡೆಯುವ ಪ್ರೀಮಿಯಂ ವ್ಯವಸ್ಥೆಯೊಂದಿದೆ. ಮಕ್ಕಳ ಭವಿಷ್ಯ ಬೇಗ ಗಟ್ಟಿಯಾಗಲಿ ಎಂದು ಅನೇಕ ತಂದೆತಾಯಿಗಳು ಆ ಶುಲ್ಕ ಕಟ್ಟಿದರು. ಅರ್ಜಿ ಬೇಗ ಮುಗಿದದ್ದರಿಂದ ಕಳೆಯಲು ದಿನಗಳೇ ಇಲ್ಲದಂತಾಯಿತು. ನಿಮ್ಮ ತಮ್ಮನ ಅರ್ಜಿ ಯಾವ ದಾರಿಯಲ್ಲಿ ಹೋಗಿತ್ತು, ಎಷ್ಟು ದಿನ ಬಾಕಿಯಿತ್ತು ಎಂಬುದನ್ನು ಅವರ ಅನುಮೋದನೆಯ ಪತ್ರದಲ್ಲಿರುವ ಎರಡು ದಿನಾಂಕಗಳಿಂದ ತಿಳಿಯಬಹುದು. ಸರದಿ ಬಂದಿದೆ ಎಂದು ಅಲ್ಲಿನ ಸರ್ಕಾರದ ಎರಡು ಸರದಿ ಪಟ್ಟಿಗಳಲ್ಲಿ ಯಾವುದರಿಂದ ತೀರ್ಮಾನಿಸಬೇಕು ಎಂಬುದೂ ಬದಲಾಗುತ್ತ ಬಂದಿದೆ: 2023ರ ಫೆಬ್ರುವರಿಯಲ್ಲಿ ಮಕ್ಕಳಿಗೆ ಅನುಕೂಲವಾಗುವಂತೆ ಅರ್ಜಿ ಸಲ್ಲಿಕೆಯ ಪಟ್ಟಿಯನ್ನು ಹಿಡಿದರು, 2025ರ ಆಗಸ್ಟ್‌ನಲ್ಲಿ ಮತ್ತೆ ಅಂತಿಮ ನಿರ್ಧಾರದ ಪಟ್ಟಿಗೆ ಮರಳಿದರು. 2016ರ ಅರ್ಜಿಯ ಮೇಲೆ ಈ ಲೆಕ್ಕವನ್ನು ನಂಬಿ ಕೂರುವುದು ಸರಿಯಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಚಿಕ್ಕಂದಿನಲ್ಲಿ ಬಂದು ವೀಸಾ ಇಲ್ಲದೆ ಉಳಿದವರನ್ನು ಹೊರಹಾಕದಿರಲು ಒಬಾಮಾ ಕಾಲದಲ್ಲಿ ಮಾಡಿದ ರಕ್ಷಣೆಯ ಯೋಜನೆಯೂ ಅವಳಿಗೆ ಒದಗುವುದಿಲ್ಲ. ಅದಕ್ಕೆ 2007ರ ಜೂನ್ 15ರಿಂದ ಅಲ್ಲಿ ನೆಲೆಸಿರಬೇಕಿತ್ತು, 2012ರ ಜೂನ್ 15ರಂದು ಕಾನೂನುಬದ್ಧ ವೀಸಾ ಇಲ್ಲದವಳಾಗಿರಬೇಕಿತ್ತು. ಅವಳ ತಮ್ಮನ ಬಗ್ಗೆಯೂ ಕೇಳಬಹುದು ನೀವು: ಪ್ರಜೆಯಾದ ತಮ್ಮ ಅಕ್ಕನಿಗಾಗಿ ಅರ್ಜಿ ಹಾಕಲು ಅವನಿಗೂ 21 ಆಗಬೇಕು, ಆಮೇಲಿನ ಸಾಲೂ ಬಹಳ ಉದ್ದ. ಒಂದೇ ಮನೆಯ ಒಂದೇ ಕೋಣೆಯಲ್ಲಿ ಬೆಳೆದ ಇಬ್ಬರಲ್ಲಿ ಚಿಕ್ಕವನು ಆ ದೇಶದವನು, ದೊಡ್ಡವಳು ಅತಿಥಿ. ಇದನ್ನು ಅವಳು ಯಾರ ಬಳಿಯೂ ಆಡದೆ ಇದ್ದರೂ ಅವಳಿಗೆ ತಿಳಿಯದ ಸಂಗತಿ ಎಂದುಕೊಳ್ಳಬೇಡಿ.

ಈಗ ಮದುವೆಯ ಮಾತಿಗೆ ಬರುತ್ತೇನೆ. ಹಿರಿಯರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಆದರೆ ಅವರು ಸೂಚಿಸಿದ ಎರಡೂ ದಾರಿಗಳನ್ನು ನಾನು ಬಲವಾಗಿ ವಿರೋಧಿಸುತ್ತೇನೆ, ಮತ್ತು ಅದಕ್ಕೆ ಕಾರಣಗಳನ್ನು ವಿವರವಾಗಿಯೇ ಹೇಳಬೇಕು.

ಮೊದಲನೆಯದಾಗಿ, ಇಂದು ಊರಿನಲ್ಲಿ ಮದುವೆ ಮಾಡಿದರೆ 21ರವರೆಗೆ ಅವಳಿಗೆ ಇರುವ ಹಕ್ಕು ಇಂದೇ ಹೋಗುತ್ತದೆ, ಮದುವೆಯಾದ ಮಗಳು ಆ ಕಾನೂನಿಗೆ ಮಗುವಲ್ಲ. ಅರ್ಧ ಓದಿದ ಪದವಿ ಅಲ್ಲೇ ಉಳಿಯುತ್ತದೆ. ನಮ್ಮ ಘಟ್ಟದ ಮೇಲಿನ ಹಳ್ಳಿಗಳಲ್ಲಿ ತೋಟ ಮಾಡಿಕೊಂಡಿರುವ ಒಳ್ಳೆಯ ಹುಡುಗರಿಗೆ ಹೆಣ್ಣು ಸಿಗದೆ ನಲವತ್ತು ದಾಟುತ್ತಿರುವುದನ್ನು ನಾನೂ ದಿನಾ ನೋಡುತ್ತೇನೆ; ಅವರ ಒಂಟಿತನ ನಿಜ, ಅವರ ತಾಯಂದಿರ ಕಣ್ಣೀರೂ ನಿಜ. ಆದರೂ ಆ ಕಷ್ಟದ ಪರಿಹಾರಕ್ಕೆ, ದಿಕ್ಕು ತೋಚದ ಸ್ಥಿತಿಯಲ್ಲಿರುವ ಹುಡುಗಿಯೊಬ್ಬಳನ್ನು ಬಳಸುವುದು ಅವಳಿಗೂ ಆ ಹುಡುಗನಿಗೂ ಮಾಡುವ ಅನ್ಯಾಯ. ಅವಳು ಮುಂದೊಂದು ದಿನ ತೋಟದ ಮನೆಯನ್ನು ಇಷ್ಟಪಟ್ಟು ಆರಿಸಿಕೊಂಡರೆ ಅದು ಬೇರೆಯ ಮಾತು.

ಎರಡನೆಯದು, ಅಲ್ಲಿನ ಪ್ರಜೆಯೊಬ್ಬನೊಂದಿಗೆ ಮದುವೆ. ಮನಸಾರೆ ಆದ ಮದುವೆಗೆ ಅಲ್ಲಿನ ಕಾನೂನು ಸಾಲಿಲ್ಲದೆ ದಾರಿ ಬಿಡುತ್ತದೆ. ಆದರೆ ಕಾಗದಕ್ಕಾಗಿ ಆದ ಮದುವೆ ಅಪರಾಧ: ಐದು ವರ್ಷಗಳವರೆಗೆ ಸೆರೆವಾಸ, 2,50,000 ಡಾಲರಿನವರೆಗೆ ದಂಡ, ಮೇಲೆ ಮುಂದೆ ಯಾವ ಅರ್ಜಿಯೂ ಮಂಜೂರಾಗದಂತೆ ಶಾಶ್ವತ ತಡೆ. ಪ್ರಾಮಾಣಿಕ ಮದುವೆಯಾದರೂ ಎರಡು ವರ್ಷ ತುಂಬುವ ಮೊದಲು ಗ್ರೀನ್ ಕಾರ್ಡ್ ಕೊಟ್ಟರೆ ಅದು ಷರತ್ತಿನ ಕಾರ್ಡು. ಷರತ್ತು ತೆಗೆಸಲು ಗಂಡಹೆಂಡಿರು ಕೂಡಿ ಸಹಿ ಹಾಕಬೇಕು. ಹಿಂಸೆ ಅಥವಾ ವಿಚ್ಛೇದನದ ಸಂದರ್ಭದಲ್ಲಿ ಒಬ್ಬಳೇ ಅರ್ಜಿ ಹಾಕಲು ಅವಕಾಶವಿದೆ, ಆದರೆ ಇಪ್ಪತ್ತೊಂದರ ಹುಡುಗಿಗೆ ಆ ಧೈರ್ಯ ಸುಲಭಕ್ಕೆ ಬರುವುದಿಲ್ಲ. ಪ್ರಜೆ ಸಿಗದೆ ಎಚ್-1ಬಿಯಲ್ಲಿರುವ ಹುಡುಗನನ್ನೇ ಮದುವೆಯಾದಳೆಂದುಕೊಳ್ಳಿ, ಅವಳು ಮತ್ತೆ ಎಚ್-4. ತಂದೆಯ ಕಡತದಿಂದ ತೆಗೆದು ಗಂಡನ ಕಡತಕ್ಕೆ ಹಾಕಿದಂತೆ. ಐದನೆಯ ವಯಸ್ಸಿನಿಂದ ಇನ್ನೊಬ್ಬರ ಕೆಲಸದ ಮೇಲೆ ಅವಳ ಇರವು ನಿಂತಿದೆ. ಇನ್ನಾದರೂ ಅವಳ ಹೆಸರಿನಲ್ಲಿ ಅವಳದೇ ಕಡತ ತೆರೆಯಬೇಕು.

ನಾನು ಊರಿಗೆ ಮರಳುವ ಮೊದಲು ನ್ಯೂಜೆರ್ಸಿಯಲ್ಲಿ ವಲಸೆ ವಕೀಲರೊಬ್ಬರ ಕಚೇರಿಯಲ್ಲಿ ಹಲವು ವರ್ಷ ಇಂಥ ಕಡತಗಳನ್ನು ಸಿದ್ಧಪಡಿಸಿದ್ದೇನೆ. ಒಮ್ಮೆ ಒಂದು ಕುಟುಂಬ ಮಗಳಿಗೆ 21 ತುಂಬಲು ಐದು ತಿಂಗಳಿದ್ದಾಗ ಬಂದಿತು. ಮಗಳಿಗೆ ಅಂದೇ ಮೊದಲ ಸಲ ವಿಷಯ ತಿಳಿದದ್ದು. ಗಡುವು, ಅರ್ಜಿ, ಶುಲ್ಕ ಎಲ್ಲವನ್ನೂ ವಕೀಲರು ವಿವರಿಸುವವರೆಗೆ ಆ ಹುಡುಗಿ ಸುಮ್ಮನೆ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು: ಅಪ್ಪನಿಗೆ ಇದು ಯಾವಾಗಿನಿಂದ ಗೊತ್ತಿತ್ತು? ಎಂಟು ವರ್ಷದಿಂದ ಎಂದರು ತಂದೆ. ಅವಳ ಅರ್ಜಿ ಸಮಯಕ್ಕೆ ಸರಿಯಾಗಿ ಸಲ್ಲಿಕೆಯಾಯಿತು, ಮಂಜೂರೂ ಆಯಿತು. ಆದರೆ ಮುಂದೆ ಸಹಿ ಹಾಕಲು ಬಂದಾಗಲೆಲ್ಲ ತಂದೆ ಮಗಳು ಬೇರೆ ಬೇರೆ ಕಾರಿನಲ್ಲಿ ಬರುತ್ತಿದ್ದರು. ನಿಮ್ಮ ತಮ್ಮನಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರವೆಂದರೆ, ಅಕ್ಕನಾಗಿ ಅಧಿಕಾರದಿಂದಲೇ, ಈ ವಾರ ಮಗಳನ್ನು ಕೂರಿಸಿಕೊಂಡು ಎಲ್ಲ ಕಾಗದಗಳನ್ನೂ ಅವಳ ಮುಂದೆ ಬಿಡಿಸಿಡು ಎಂದು ಹೇಳುವುದು. ಓದು ಕೆಡುತ್ತದೆ ಎಂಬ ಭಯ ನಿಮ್ಮ ತಮ್ಮನಿಗಿದೆ. ಆದರೆ ಅವಳಿಗೆ ಅರ್ಧ ಈಗಾಗಲೇ ತಿಳಿದಿರಬೇಕು. ಅವಳ ಚಾಲನಾ ಪರವಾನಗಿಯ ಮೇಲೂ ವೀಸಾದ ಅವಧಿಗೆ ತಕ್ಕ ದಿನಾಂಕವಿರುತ್ತದೆ, ಓದಿನ ನೆರವಿಗೆ ಅಲ್ಲಿನ ಕೇಂದ್ರ ಸರ್ಕಾರದ ಅರ್ಜಿ ತುಂಬಲು ಹೋದ ದಿನವೇ ಅವಳು ಅರ್ಹಳಲ್ಲ ಎಂದು ತಿಳಿದಿರುತ್ತದೆ. ಅರ್ಧ ತಿಳಿದು ಅರ್ಧ ಊಹಿಸುತ್ತ ಓದುವುದಕ್ಕಿಂತ ಪೂರ್ತಿ ತಿಳಿದು ಓದುವುದು ಸುಲಭ.

ಮಾಡಬೇಕಾದ ಕೆಲಸವೂ ಇದೆ, ಸಮಯವೂ ಇದೆ. ಅವಳು ಎಚ್-4ರಿಂದ ವಿದ್ಯಾರ್ಥಿ ವೀಸಾದ ಸ್ಥಾನಕ್ಕೆ, ಅಂದರೆ ಎಫ್-1ಕ್ಕೆ ಬದಲಾಗಬೇಕು. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿ ಐ-20 ಎಂಬ ಪತ್ರ ಕೊಡುತ್ತದೆ. ಅದರ ಆಧಾರದ ಮೇಲೆ ಅಲ್ಲಿದ್ದುಕೊಂಡೇ ಬದಲಾವಣೆಯ ಅರ್ಜಿ ಹಾಕಬಹುದು. ಹುಟ್ಟುಹಬ್ಬಕ್ಕೆ ಕನಿಷ್ಠ ಆರೇಳು ತಿಂಗಳು ಮೊದಲೇ ಹಾಕಿರಲಿ. ಅಲ್ಲಿ ಎಂದಿನವರೆಗೆ ಇರಬಹುದೆಂದು ತೋರಿಸುವ ಅವಳ ಐ-94 ದಾಖಲೆಯಲ್ಲಿ ಹುಟ್ಟುಹಬ್ಬದ ಆಚೆಗಿನ ದಿನಾಂಕ ಇದ್ದರೂ ಅದನ್ನು ನಂಬಬಾರದು, 21 ತುಂಬಿದ ದಿನಕ್ಕೆ ಎಚ್-4 ಸ್ಥಾನ ಮುಗಿಯುತ್ತದೆ. ವಯಸ್ಕಳಾದ ಮೇಲೆ 180 ದಿನಕ್ಕಿಂತ ಹೆಚ್ಚು ಅನಧಿಕೃತವಾಗಿ ಉಳಿದು ಹೊರಬಂದರೆ ಮೂರು ವರ್ಷ, ಒಂದು ವರ್ಷ ಉಳಿದರೆ ಹತ್ತು ವರ್ಷ ಆ ದೇಶಕ್ಕೆ ಮರಳುವಂತಿಲ್ಲ. ಎಫ್-1 ಸಿಕ್ಕರೆ ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಯವರೆಗೆ ವಿಶ್ವವಿದ್ಯಾಲಯದ ಆವರಣದಲ್ಲೇ ಕೆಲಸ ಮಾಡಬಹುದು. ಗ್ರಂಥಾಲಯದ ಮೇಜಿನ ಹಿಂದೆ ಕುಳಿತು ಪಡೆಯುವ ಆ ಸಂಬಳ ಅವಳಿಗೆ ಏನೆಂಬುದನ್ನು ಈಗ ನೀವು ಬಲ್ಲಿರಿ. ಪದವಿಯ ನಂತರ 12 ತಿಂಗಳ ವೃತ್ತಿ ತರಬೇತಿಯ ಅನುಮತಿಯಿದೆ, ಜೀವಶಾಸ್ತ್ರ ವಿಜ್ಞಾನದ ವಿಷಯವಾದ್ದರಿಂದ ಇನ್ನೂ 24 ತಿಂಗಳು ವಿಸ್ತರಿಸಬಹುದು. ಆಮೇಲೆ ತನ್ನದೇ ಎಚ್-1ಬಿಗೆ ಲಾಟರಿಯ ಸಾಲು: ವರ್ಷಕ್ಕೆ 65,000, ಜೊತೆಗೆ ಅಲ್ಲಿನ ಸ್ನಾತಕೋತ್ತರ ಪದವೀಧರರಿಗೆ 20,000. ಇದು ಗಟ್ಟಿ ನೆಲವಲ್ಲ. ಆದರೆ ನಾಲ್ಕೈದು ವರ್ಷದ ಉಸಿರು ಸಿಗುತ್ತದೆ, ಆ ಅವಧಿಯಲ್ಲಿ ಆಯ್ಕೆ ಅವಳದು.

ವಿದ್ಯಾರ್ಥಿ ವೀಸಾ ಬೇಡುವವಳು ಓದು ಮುಗಿದ ಮೇಲೆ ಮರಳಲು ತನ್ನ ದೇಶದಲ್ಲಿ ಮನೆಯಿದೆ ಎಂದು ತೋರಿಸಬೇಕು. ಹದಿನಾಲ್ಕು ವರ್ಷ ಅಲ್ಲಿ ಬೆಳೆದವಳ ಬಾಯಲ್ಲಿ ಈ ಮಾತು ಹೇಳಿಸುವುದು ಕಾನೂನಿನ ಕ್ರೂರ ಭಾಗ ಎಂದೇ ನಾನು ಭಾವಿಸುತ್ತೇನೆ. ಹಾಗೆಂದು ಯಾರೋ ಹೇಳಿದರೆಂದು ಅವಸರದಲ್ಲಿ ತೋಟದ ಪಹಣಿಯಲ್ಲಿ ಅವಳ ಹೆಸರು ಸೇರಿಸುವ ನಾಟಕ ಮಾಡಬೇಡಿ. ಅದರ ಅಗತ್ಯವೂ ಇಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳು ಹುಟ್ಟಿನಿಂದಲೇ ಮಗನಂತೆ ಪಾಲುದಾರಳು. ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಇದನ್ನು ಇನ್ನೊಮ್ಮೆ ಸ್ಪಷ್ಟಪಡಿಸಿದೆ. ತೋಟ ನಿಮ್ಮ ಹಿರಿಯರದಾಗಿದ್ದರೆ ತಮ್ಮನ ಮೂಲಕ ಅವಳಿಗೂ, ಹಾಗೆಯೇ ನಿಮಗೂ, ಅದರಲ್ಲಿ ಹಕ್ಕಿದೆ. ಈ ಮಾತನ್ನು ಮನೆಯಲ್ಲಿ ಒಮ್ಮೆ ಎಲ್ಲರ ಮುಂದೆ ಆಡಿದರೆ ಅದರ ಬೆಲೆ ಯಾವ ಕಾಗದಕ್ಕೂ ಕಡಿಮೆಯಲ್ಲ.

ಅವಳು ಪೂರ್ತಿ ಮರಳಿ ಬರಲು ಬಯಸಿದರೆ ವೀಸಾ ಬೇಡ, ಅವಳು ಭಾರತದ ಪ್ರಜೆ. ಪದವಿ ಮುಗಿಸಿಯೇ ಬರುವುದು ಒಳ್ಳೆಯದು, ವಿದೇಶಿ ಪದವಿಗೆ ಸಮಾನತೆಯ ಪತ್ರ ಪಡೆದು ಇಲ್ಲಿ ಮುಂದೆ ಓದಬಹುದು. ಇಲ್ಲಿ ಅವಳಿಗೆ ಎದುರಾಗುವ ಕಷ್ಟ ಬೇರೆ ಬಗೆಯದು. ಅವಳ ಮನೆಮಾತು ಐದನೆಯ ವಯಸ್ಸಿನಲ್ಲಿ ಎಲ್ಲಿತ್ತೋ ಅಲ್ಲಿಗೇ ನಿಂತಿದೆ. ವಿಮಾನ ಹತ್ತಿದ ದಿನದ ಮಾತನ್ನೇ ಅವಳು ಇಂದಿಗೂ ಆಡುತ್ತಾಳೆ. ಜೀವಕೋಶದ ಬಗ್ಗೆ ಗಂಟೆಗಟ್ಟಲೆ ವಿವರಿಸಬಲ್ಲವಳು ನಿಮ್ಮ ಜಗಲಿಯಲ್ಲಿ ಬಾಯಿ ತೆರೆದ ಕೂಡಲೇ ಪುಟ್ಟ ಮಗುವಾಗಿ ಕೇಳಿಸುತ್ತಾಳೆ, ಮನೆಯವರು ಪ್ರೀತಿಯಿಂದಲೇ ನಗುತ್ತಾರೆ, ಅವಳು ಮುಂದಿನ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುತ್ತಾಳೆ. ಆ ನಗುವನ್ನು ನಿಲ್ಲಿಸಿ. ದೊಡ್ಡವರೊಡನೆ ಆಡುವ ಸಂಗತಿಗಳನ್ನೇ ಅವಳೊಡನೆ ಆಡಿ: ಈ ವರ್ಷದ ಕೊಳೆರೋಗ, ಚಾಲಿಯ ದರ, ಅಜ್ಜನ ಔಷಧದ ಖರ್ಚು, ಪಾಲಿನ ಮಾತುಕತೆ. ಫೋನಿನಲ್ಲಿ ಊಟವಾಯಿತೇ ಎಂಬಲ್ಲಿಗೆ ಮಾತು ಮುಗಿಯದಿರಲಿ. ಅಂದು ಏಕೆ ಅತ್ತೆ ಎಂದು ಮತ್ತೆ ಕೇಳಬೇಡಿ. ಆ ಹಣ ಏನು ಮಾಡಿದೆ ಎಂದು ಕೇಳಿ. ಬಹುಶಃ ಅವಳು ಅದನ್ನು ಇನ್ನೂ ಖರ್ಚು ಮಾಡಿರಲಿಕ್ಕಿಲ್ಲ.

ಕೊನೆಯದಾಗಿ ನೀವು ಮೊದಲೇ ತಿಳಿದಿರಬೇಕಾದ ಒಂದು ಸಂಗತಿ. ಅಲ್ಲಿದ್ದುಕೊಂಡೇ ಎಫ್-1ಕ್ಕೆ ಬದಲಾದವಳ ಪಾಸ್‌ಪೋರ್ಟಿನಲ್ಲಿ ಹೊಸ ವೀಸಾ ಮುದ್ರೆ ಇರುವುದಿಲ್ಲ. ಊರಿಗೆ ಬಂದರೆ ಮರಳುವ ಮೊದಲು ಚೆನ್ನೈ, ಮುಂಬಯಿ ಅಥವಾ ಹೈದರಾಬಾದಿನ ಅಮೆರಿಕದ ಕಾನ್ಸುಲೇಟಿನಲ್ಲಿ ಸಂದರ್ಶನಕ್ಕೆ ನಿಲ್ಲಬೇಕು, ಅಲ್ಲಿ ನಿರಾಕರಿಸಿದರೆ ಓದು ಅರ್ಧಕ್ಕೆ ನಿಲ್ಲುತ್ತದೆ. ಆದ್ದರಿಂದ ಪದವಿ ಮುಗಿಯುವವರೆಗೆ ಪ್ರಯಾಣ ಬೇಡವೆಂದು ಅವಳ ವಕೀಲರು ಹೇಳಬಹುದು, ನಾನಾದರೂ ಹಾಗೆಯೇ ಹೇಳುತ್ತಿದ್ದೆ. ಮುಂದಿನ ಎರಡು ಮೂರು ಕೊಯ್ಲಿಗೆ ಅವಳು ಬಾರದೇ ಹೋದರೆ ಅಮೆರಿಕದವಳಾದಳು, ನಮ್ಮನ್ನು ಮರೆತಳು ಎಂದು ಮನೆಯಲ್ಲಿ ಯಾರೂ ಆಡಿಕೊಳ್ಳದ ಹಾಗೆ ಈ ಕಾರಣವನ್ನು ಹಿರಿಯರಿಗೆ ನೀವೇ ವಿವರಿಸಿ. ಸುಲಿಯುವ ಹೆಂಗಸರು ಕೇಳಿದರೆ ಅವರಿಗೂ ಹೇಳಿ.